ಕಥೆಯಲ್ಲಿ ಆಟಿಸಂ ಇರುವ ಹುಡುಗ: ಎಲ್ಲಿ ತಪ್ಪುತ್ತಿದ್ದೇನೆ ಹೇಳಿ

ಗಾಂಧಿಬಜಾರ್ ಓದುಗ:

ನಮಸ್ಕಾರ. ನಾಲ್ಕು ತಿಂಗಳಿಂದ ಒಂದು ನೀಳ್ಗತೆ ಬರೆಯುತ್ತಿದ್ದೇನೆ. ಬಸವನಗುಡಿಯ ಒಂದು ಮನೆ. ಅಕ್ಕನಿಗೆ ಮದುವೆ ಗೊತ್ತಾಗಿದೆ. ತಮ್ಮನಿಗೆ 14 ವರ್ಷ, ಆಟಿಸಂ ಇದೆ, ಮಾತು ಕಡಿಮೆ. ಗಂಡಿನ ಕಡೆಯವರಿಗೆ ಇವನ ವಿಷಯ ಹೇಳಬೇಕೋ ಬೇಡವೋ, ಮುಹೂರ್ತದ ದಿನ ಛತ್ರಕ್ಕೆ ಕರೆದುಕೊಂಡು ಹೋಗಬೇಕೋ ಪಕ್ಕದ ಮನೆಯಲ್ಲಿ ಬಿಟ್ಟು ಹೋಗಬೇಕೋ, ಈ ಗೊಂದಲವೇ ಕಥೆ.

ಬರೆಯೋಕೆ ಕಾರಣ ನನ್ನ ಅಕ್ಕನ ಮಗ. ನೆಂಟರು ಲಗ್ನಪತ್ರಿಕೆ ಹಿಡಿದು ಬಂದರೆ ಅಕ್ಕನಿಗೂ ಭಾವನಿಗೂ ಕುಂಕುಮ, ಅಕ್ಷತೆ ಕೊಟ್ಟು "ನೀವಿಬ್ಬರೂ ಖಂಡಿತ ಬರಬೇಕು" ಅನ್ನುತ್ತಾರೆ. ಹುಡುಗ ಅಲ್ಲೇ ಸೋಫಾ ಮೇಲೆ ಕೂತಿರುತ್ತಾನೆ. ಅವನ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಆ "ಇಬ್ಬರೂ" ಅನ್ನೋ ಮಾತು ನನ್ನ ತಲೆಯಿಂದ ಹೋಗಿಲ್ಲ. ಎದುರಿಗೇ ಕೇಳಿದರೆ ಜಗಳ ಆಗುತ್ತೆ. ಕಥೆಯಲ್ಲಿ ಬಂದರೆ ಓದಿದವರಿಗೆ ತಮ್ಮದೇ ಮನೆ ಕಾಣಿಸಬಹುದು ಅಂತ ಆಸೆ.

ಈಗ ಸಮಸ್ಯೆ. ಕರಡು ಓದಿದ ಸ್ನೇಹಿತರೊಬ್ಬರು "ಹುಡುಗನಿಗೆ ಏನಾದರೂ ವಿಶೇಷ ಶಕ್ತಿ ಕೊಡು, ಯಾವ ತಾರೀಖು ಕೇಳಿದರೂ ವಾರ ಹೇಳುವ ಹಾಗೆ, ಆಗ ಓದುಗರಿಗೆ ಅವನ ಮೇಲೆ ಗೌರವ ಬರುತ್ತೆ, ಕೊನೆಗೆ ಅದನ್ನು ನೋಡಿ ಬೀಗರ ಮನಸ್ಸು ಕರಗಲಿ" ಅಂದರು. ನನಗೆ ಇದು ಸರಿ ಅನಿಸುತ್ತಿಲ್ಲ, ಆದರೆ ಯಾಕೆ ಅಂತ ಬಿಡಿಸಿ ಹೇಳೋಕೂ ಬರುತ್ತಿಲ್ಲ. ಹತ್ತಿರದಿಂದ ಬಲ್ಲವರು ದಯವಿಟ್ಟು ಹೇಳಿ.

ಹಸಿರು ಮಾರ್ಗದ ಅಮ್ಮ:

ನನ್ನ ಮಗನಿಗೆ 12. ನೀವು ಛತ್ರ ಅಂದಿದ್ದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಅವನಿಗೆ ಮೆಟ್ರೋ ಅಂದರೆ ಪ್ರಾಣ. ಭಾನುವಾರ ಬನಶಂಕರಿಯಲ್ಲಿ ಹತ್ತಿ ಮೆಜೆಸ್ಟಿಕ್‌ವರೆಗೆ ಹೋಗಿ ವಾಪಸ್ ಬರುತ್ತೇವೆ, ನಡುವೆ ಎಲ್ಲೂ ಇಳಿಯುವುದಿಲ್ಲ. ಮನೆಯಲ್ಲೂ ಇಡೀ ದಿನ "ಮುಂದಿನ ನಿಲ್ದಾಣ" ಅನ್ನುತ್ತಿರುತ್ತಾನೆ. ಕೇಳಿದ ಮಾತನ್ನೇ ಹೀಗೆ ತಿರುಗಿ ಹೇಳುವುದಕ್ಕೆ ಎಕೋಲೇಲಿಯಾ ಅನ್ನುತ್ತಾರೆ. ಮೊದಲು ನಾವು ಸುಮ್ನೆ ಅರ್ಥವಿಲ್ಲದೆ ಹೇಳುತ್ತಾನೆ ಅಂದುಕೊಂಡಿದ್ದೆವು. ಹೋದ ವರ್ಷ ನೆಂಟರ ಮದುವೆಯಲ್ಲಿ ಊಟದ ಪಂಕ್ತಿಯಲ್ಲಿ ಕೂತಾಗ ನನ್ನ ಸೆರಗು ಹಿಡಿದು ಮೂರು ಸಲ "ಮುಂದಿನ ನಿಲ್ದಾಣ ಜಯನಗರ" ಅಂದ. ನಮ್ಮ ಮನೆ ಇರುವುದು ಜಯನಗರದಲ್ಲಿ. ಅಮ್ಮ, ಸಾಕು, ಮನೆಗೆ ಹೋಗೋಣ ಅಂತ ಅವನು ಎಷ್ಟು ಸ್ಪಷ್ಟವಾಗಿ ಹೇಳುತ್ತಿದ್ದ! ಎಷ್ಟು ವರ್ಷದಿಂದ ಹೀಗೆ ಹೇಳುತ್ತಿದ್ದನೋ, ನನಗೆ ಅವತ್ತು ಅರ್ಥವಾಯಿತು.

ಇನ್ನೊಂದು, ಗಟ್ಟಿಮೇಳ. ಮಾಂಗಲ್ಯಧಾರಣೆ ಹೊತ್ತಿಗೆ ಓಲಗ ಏಕಾಏಕಿ ಜೋರಾಗುತ್ತಲ್ಲ, ಅದು ಅವನಿಗೆ ಕಿವಿಗೆ ಹೊಡೆದ ಹಾಗೆ ಆಗುತ್ತದೆ. ಪುರೋಹಿತರು ಕೈ ಎತ್ತುವ ಮೊದಲೇ ನಾನು ಶಬ್ದ ತಡೆಯುವ ಹೆಡ್‌ಫೋನ್ ಅವನ ಕೈಗೆ ಕೊಡುತ್ತೇನೆ. ಅವನು ಅದನ್ನು ಹಾಕಿಕೊಂಡು ಅಕ್ಷತೆ ಹಿಡಿದು ಎಲ್ಲರ ಜೊತೆ ನಿಂತಿರುತ್ತಾನೆ. ಹಿಂದಿನ ಸಾಲಿನವರು "ಮದುವೆ ಮನೇಲೂ ಹೆಡ್‌ಫೋನಾ" ಅನ್ನುತ್ತಾರೆ. ನಿಮ್ಮ ಕಥೆಯ ಹುಡುಗನಿಗೆ ಬೇಕಾಗಿರುವುದು ಇಷ್ಟೇ, ಒಂದು ಹೆಡ್‌ಫೋನ್, ಹತ್ತು ನಿಮಿಷ ಕೂರೋಕೆ ಒಂದು ಖಾಲಿ ರೂಮು. ಮದುಮಗಳಿಗೆ ರೂಮು ಕೊಡುತ್ತೇವೆ, ಅಜ್ಜಿಗೆ ಕುರ್ಚಿ ಹಾಕುತ್ತೇವೆ, ಅದನ್ನು ಯಾರೂ ಉಪಕಾರ ಅನ್ನುವುದಿಲ್ಲ ಅಲ್ವಾ?

ದಯವಿಟ್ಟು ಕಾರಣ ಹುಡುಕುವ ದೃಶ್ಯ ಬೇಡ. ತಾಯಿಯ ಪ್ರೀತಿ ಸಾಲದೆ ಆಟಿಸಂ ಬರುತ್ತದೆ ಅಂತ ಒಂದು ಕಾಲದಲ್ಲಿ ಅಮೆರಿಕದ ವೈದ್ಯರೇ ಹೇಳುತ್ತಿದ್ದರು, ಅದು ಸುಳ್ಳು ಅಂತ ಎಂದೋ ಆಗಿದೆ. ಲಸಿಕೆಗೆ ಗಂಟು ಹಾಕಿದ 1998ರ ಲೇಖನವನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಆದರೂ "ನೀನು ಕೆಲಸಕ್ಕೆ ಹೋಗಿದ್ದಕ್ಕೇ ಹೀಗಾಯ್ತು" ಅನ್ನೋ ಮಾತನ್ನು ನಾನು ಈಗಲೂ ಕೇಳುತ್ತೇನೆ. ಕಥೆಯಲ್ಲಿ ಅತ್ತೆಯೊಬ್ಬರು ಇದನ್ನು ಹೇಳಿದರೆ, ಅದೇ ಪುಟದಲ್ಲಿ ಯಾರಾದರೂ ಅದು ಸುಳ್ಳು ಅನ್ನಲಿ.

ಕಿಟಕಿ ಸೀಟು:

ನಾನು ಆಟಿಸಂ ಇರುವವಳು. ವಯಸ್ಸು 34, ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಗೊತ್ತಾಗಿದ್ದು 31ನೇ ವಯಸ್ಸಿನಲ್ಲಿ. ಹುಡುಗಿಯರದು ಬೇಗ ಗೊತ್ತಾಗುವುದಿಲ್ಲ, ಬೇರೆಯವರನ್ನು ನೋಡಿ ನೋಡಿ ಅವರ ಹಾಗೇ ನಡೆದುಕೊಳ್ಳೋದನ್ನು ಕಲಿತುಬಿಡುತ್ತೇವೆ. "ತುಂಬಾ ಸಂಕೋಚದ ಹುಡುಗಿ" ಅಂತ ಎಲ್ಲರೂ ಸುಮ್ಮನಾಗುತ್ತಾರೆ.

ನಿಮ್ಮ ಸ್ನೇಹಿತರ ಸಲಹೆ ಎಲ್ಲಿಂದ ಬಂತು ಹೇಳುತ್ತೇನೆ. 1988ರ 'ರೈನ್ ಮ್ಯಾನ್' ಸಿನಿಮಾ ಬಂದ ಮೇಲೆ ಆಟಿಸಂ ಅಂದರೆ ಅಂಕಿ ಸಂಖ್ಯೆಯ ಪವಾಡ ಅಂತ ಜಗತ್ತಿಗೆಲ್ಲಾ ಕೂತುಬಿಟ್ಟಿತು. ಆ ಪಾತ್ರಕ್ಕೆ ಸ್ಫೂರ್ತಿಯಾದ ಕಿಮ್ ಪೀಕ್ ಅವರ ನೆನಪಿನ ಶಕ್ತಿ ನಿಜ, ಆದರೆ ಅವರಿಗೆ ಆಟಿಸಂ ಇತ್ತು ಅಂತ ತಜ್ಞರು ಹೇಳುವುದಿಲ್ಲ. ಅವರ ಮೆದುಳಿನ ಎರಡು ಭಾಗಗಳನ್ನು ಜೋಡಿಸುವ ನರಗಳ ಕಟ್ಟು ಹುಟ್ಟಿನಿಂದಲೇ ಇರಲಿಲ್ಲ. ಒಂದು ಸಿನಿಮಾ ಮೂಡಿಸಿದ ಚಿತ್ರ ಇನ್ನೂ ಹೋಗಿಲ್ಲ ನೋಡಿ. ನನ್ನ ಆಫೀಸಿನಲ್ಲೂ "ಹಾಗಾದ್ರೆ ನಿನ್ನ ವಿಶೇಷ ಶಕ್ತಿ ಏನು" ಅಂತ ಕೇಳಿದವರಿದ್ದಾರೆ. ಇಲ್ಲ ಅಂದರೆ ಅವರಿಗೆ ನಿರಾಸೆ. ಗೌರವ ಸಿಗೋಕೆ ಹುಡುಗ ಪವಾಡ ಮಾಡಬೇಕು ಅಂದರೆ, ಪವಾಡ ಮಾಡದ ಹುಡುಗನನ್ನು ಮನೆಯಲ್ಲೇ ಬಿಟ್ಟು ಹೋಗಬಹುದು ಅಂತ ನಿಮ್ಮ ಕಥೆಯೇ ಹೇಳಿದ ಹಾಗಾಗುತ್ತದೆ.

ಕನ್ನಡದಲ್ಲಿ ಇದಕ್ಕೆ 'ಸ್ವಲೀನತೆ' ಅಂತ ಬರೆಯುತ್ತಾರೆ. ತನ್ನಲ್ಲೇ ತಾನು ಮುಳುಗಿರುವುದು ಅಂತ. ನನ್ನ ಅನುಭವ ಇದರ ಉಲ್ಟಾ, ಹೊರಗಿನದೆಲ್ಲಾ ಒಟ್ಟಿಗೇ ಒಳಗೆ ನುಗ್ಗುತ್ತದೆ. ಹೋಟೆಲಿನಲ್ಲಿ ಕೂತರೆ ಎದುರಿಗಿರುವವರ ಮಾತು, ಹಿಂದಿನ ಟೇಬಲ್ಲಿನ ಮಾತು, ಲೋಟ ತೊಳೆಯುವ ಸದ್ದು, ಟ್ಯೂಬ್‌ಲೈಟಿನ ಗುಂಯ್, ಎಲ್ಲಾ ಒಂದೇ ಜೋರಿನಲ್ಲಿ. ಅದಕ್ಕೇ ಕಣ್ಣು ತಗ್ಗಿಸಿ ಕೂರುತ್ತೇನೆ. ನೋಡಿದವರಿಗೆ ಇವಳಿಗೆ ಯಾರೂ ಬೇಡ ಅನಿಸುತ್ತದೆ.

ಇದೆಲ್ಲಕ್ಕಿಂತ ಮುಖ್ಯ, ನೀವು ಬರೆದಿರೋದರಲ್ಲಿ ಮನೆಯವರಿಗೆಲ್ಲಾ ಒಂದೊಂದು ಆಸೆ, ಒಂದೊಂದು ಭಯ ಇದೆ. ಹುಡುಗನಿಗೆ ಏನು ಬೇಕು? ಅಕ್ಕ ಮನೆ ಬಿಟ್ಟು ಹೋಗುತ್ತಿದ್ದಾಳೆ. ದಿನಾ ರಾತ್ರಿ ಅವನ ಪಕ್ಕ ಕೂತು ಊಟ ಮಾಡುತ್ತಿದ್ದವಳು ನಾಳೆಯಿಂದ ಇರುವುದಿಲ್ಲ. ಅದನ್ನು ಅವನಿಗೆ ಯಾರಾದರೂ ಹೇಳಿದ್ದಾರಾ?

ನಾಟಕದ ಹುಚ್ಚು:

ಎಲ್ಲಾ ಓದಿದೆ. ಒಪ್ಪುತ್ತೇನೆ, ಆದರೂ ಒಂದು ಅನುಮಾನ. ಹೀಗೆ ಬರೆಯಬೇಡಿ, ಹಾಗೆ ಬರೆಯಬೇಡಿ ಅಂತ ಜಾಸ್ತಿ ಆದರೆ ಬರೆಯುವವರು ಹೆದರಿ ಈ ಪಾತ್ರಗಳನ್ನೇ ಬಿಟ್ಟುಬಿಡುತ್ತಾರೆ. ಕನ್ನಡದಲ್ಲಿ ಇರುವುದೇ ಕಡಿಮೆ. ಮತ್ತೆ, ಸಮಾನತೆ ಕಥೆಯಿಂದ ಬರುತ್ತದಾ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ, ಅದು ಗುರುತಿಸುವ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಇದೆ. ಅದನ್ನು ಜಾರಿ ಮಾಡಿಸೋದು ಮುಖ್ಯ ಅಂತ ನನ್ನ ಅಭಿಪ್ರಾಯ.

ಕಿಟಕಿ ಸೀಟು:

ಕಾಯ್ದೆ ಬೇಕೇ ಬೇಕು. ಆದರೆ ಲಗ್ನಪತ್ರಿಕೆ ಕೊಡುವಾಗ ಮೂರನೆಯವನ ಹೆಸರು ಹೇಳಿ ಅಂತ ಯಾವ ಕಾಯ್ದೆಯೂ ಹೇಳೋಕಾಗಲ್ಲ. ಅಲ್ಲಿಗೆ ಹೋಗೋದು ಕಥೆ ಮಾತ್ರ.

ಹೆದರಿಕೆ ಬಗ್ಗೆ: 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಸಿನಿಮಾದಲ್ಲಿ ಅಂಗವಿಕಲರನ್ನು ತೋರಿಸುವ ಬಗ್ಗೆ ಒಂದು ತೀರ್ಪು ಕೊಟ್ಟಿತು. ತೋರಿಸಬೇಡಿ, ನಗಬೇಡಿ ಅಂತ ಅದು ಹೇಳಲಿಲ್ಲ. ಕೀಳು ಮಾಡುವ ನಗು ಬೇರೆ, ಅರ್ಥ ಮಾಡಿಸುವ ನಗು ಬೇರೆ ಅಂದಿತು, ಬರೆಯುವಾಗ ಅವರನ್ನೂ ಜೊತೆಗೆ ಸೇರಿಸಿಕೊಳ್ಳಿ ಅಂದಿತು. ಕೇಳೋದು ಇಷ್ಟೇ. ಡಾಮಿಯನ್ ಮಿಲ್ಟನ್ ಅಂತ ಒಬ್ಬ ಬ್ರಿಟಿಷ್ ಸಮಾಜಶಾಸ್ತ್ರಜ್ಞ, ಅವರೂ ಆಟಿಸಂ ಇರುವವರೇ, 2012ರಲ್ಲಿ ಒಂದು ಮಾತು ಬರೆದರು: ನಮಗೆ ನೀವು ಅರ್ಥವಾಗದಷ್ಟೇ ನಿಮಗೂ ನಾವು ಅರ್ಥವಾಗುವುದಿಲ್ಲ, ಕೊರತೆ ಎರಡೂ ಕಡೆ ಇದೆ ಅಂತ. ಮೇಲೆ ಆ ಅಮ್ಮ ಬರೆದ ಜಯನಗರದ ವಿಷಯ ಇನ್ನೊಮ್ಮೆ ಓದಿ. ಹುಡುಗ ಹೇಳಿದ್ದ. ಕೇಳಿಸಿಕೊಳ್ಳೋಕೆ ದೊಡ್ಡವರಿಗೆ ವರ್ಷಗಳು ಬೇಕಾದವು.

ಗಾಂಧಿಬಜಾರ್ ಓದುಗ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತಾರೀಖು ವಾರದ ಪವಾಡದ ಯೋಚನೆ ಕೈಬಿಟ್ಟೆ. ಬೀಗರ ಮನಸ್ಸು ಕರಗೋದೂ ಬೇಡ, ಅವರು ಇರುವ ಹಾಗೇ ಇರಲಿ.

ಹುಡುಗನಿಗೆ ಏನು ಬೇಕು ಅನ್ನೋ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಲ್ಕು ತಿಂಗಳು ಬರೆದಿದ್ದೇನೆ, ಒಂದು ಸಲವೂ ಅದನ್ನು ಯೋಚಿಸಿರಲಿಲ್ಲ. ನೆನ್ನೆ ಅಕ್ಕನ ಮನೆಗೆ ಹೋಗಿ ಅವನ ಪಕ್ಕ ಒಂದು ಗಂಟೆ ಸುಮ್ನೆ ಕೂತಿದ್ದೆ. ಅವನು ಸ್ಟೀಲ್ ಲೋಟಗಳನ್ನು ಒಂದರೊಳಗೊಂದು ಇಟ್ಟು ತೆಗೆದು ಮಾಡುತ್ತಿದ್ದ. ಸ್ವಲ್ಪ ಹೊತ್ತಾದ ಮೇಲೆ ಒಂದು ಲೋಟ ನನ್ನ ಕಡೆ ತಳ್ಳಿದ. ನಾನು ಅದನ್ನು ವಾಪಸ್ ತಳ್ಳಿದೆ. ಹಾಗೇ ನಡೀತು, ಅಕ್ಕ ಕಾಫಿ ತರುವವರೆಗೂ.

ಈಗ ಕಥೆ ಹೀಗೆ ಶುರುವಾಗುತ್ತದೆ: ಮದುವೆಗೆ ಇನ್ನು 11 ದಿನ. ತಮ್ಮ ದಿನಾ ರಾತ್ರಿ ಅಕ್ಕನ ತಟ್ಟೆಯನ್ನು ತನ್ನ ತಟ್ಟೆಯ ಕೆಳಗೆ ಬಚ್ಚಿಡುತ್ತಾನೆ. ಕಾರಣ ಏನು ಅಂತ ಮನೆಯಲ್ಲಿ ಯಾರಿಗೂ ಹೊಳೆದಿಲ್ಲ.

ಕಿಟಕಿ ಸೀಟು ಅವರೇ, ಬರೆದು ಮುಗಿದ ಮೇಲೆ ಓದಿ ಕೊಡುತ್ತೀರಾ? ಸುಮ್ನೆ ಕೇಳುತ್ತಿಲ್ಲ, ನಿಮ್ಮ ಸಮಯಕ್ಕೆ ಸಂಭಾವನೆ ಕೊಡುತ್ತೇನೆ.

ಕಿಟಕಿ ಸೀಟು:

ಕಳಿಸಿ. ತಟ್ಟೆ ವಿಷಯ ಓದಿ ಸ್ವಲ್ಪ ಹೊತ್ತು ಏನೂ ಟೈಪ್ ಮಾಡೋಕಾಗಲಿಲ್ಲ. ಗಟ್ಟಿಮೇಳದ ಪುಟ ಮುಗಿದಿದ್ದರೆ ಅದನ್ನೇ ಮೊದಲು ಕಳಿಸಿ, ಆ ಸದ್ದು ಹೇಗಿರುತ್ತೆ ಅಂತ ನಾನು ಹೇಳುತ್ತೇನೆ.