ಸಹಾಯ ಬೇಕು: ತಂಗಿಯನ್ನು ಖಾಸಗಿ ಕಾಲೇಜಲ್ಲಿ ಜಿಎನ್‌ಎಂ ನರ್ಸಿಂಗ್ ಡಿಪ್ಲೊಮಾಗೆ ಸೇರಿಸಬಹುದಾ?

ಎಲ್ಲರಿಗೂ ನಮಸ್ಕಾರ. ತಂಗಿ ಪಿಯುಸಿ ಆರ್ಟ್ಸ್ ಮುಗಿಸಿದ್ದಾಳೆ, ಶೇ 61 ಬಂದಿದೆ. ನರ್ಸ್ ಆಗಲೇಬೇಕು ಅನ್ನುವುದು ಅವಳ ಹಟ. ಸರ್ಕಾರಿ ಸೀಟು ಸಿಗಲಿಲ್ಲ. ದಾವಣಗೆರೆಯಲ್ಲಿ ಎರಡು ಕಡೆ ವಿಚಾರಿಸಿ ಬಂದೆವು.

ಒಂದು ಕಡೆ 3 ವರ್ಷದ ಜಿಎನ್‌ಎಂ. ವರ್ಷಕ್ಕೆ 80,000 ರೂಪಾಯಿ, ಹಾಸ್ಟೆಲ್ ಬೇರೆ. ಇನ್ನೊಂದು ಕಡೆ 1 ವರ್ಷದ ನರ್ಸಿಂಗ್ ಅಸಿಸ್ಟೆಂಟ್ ಕೋರ್ಸ್, 35,000ಕ್ಕೆ ಮುಗಿಯುತ್ತದೆ. ಅಪ್ಪನಿಗೆ ಇದೇ ಇಷ್ಟ, ದುಡ್ಡು ಕಮ್ಮಿ ಅಲ್ವಾ! ಆದರೆ ಇದನ್ನು ಓದಿದರೆ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆಗುವುದಿಲ್ಲ, ಸರ್ಕಾರಿ ಸ್ಟಾಫ್ ನರ್ಸ್ ಹುದ್ದೆಗೆ ಅರ್ಜಿ ಹಾಕುವ ಹಾಗಿಲ್ಲ ಎಂದು ಪಕ್ಕದ ಮನೆಯ ಸಿಸ್ಟರ್ ಹೇಳಿದರು. ಜಿಎನ್‌ಎಂ ಆದರೆ ಮುಂದೆ 2 ವರ್ಷ ಪೋಸ್ಟ್ ಬೇಸಿಕ್ ಬಿಎಸ್ಸಿ ಎಂಬ ನರ್ಸಿಂಗ್ ಪದವಿಯನ್ನೂ ಮಾಡಬಹುದಂತೆ.

ಸರಿ, ಜಿಎನ್‌ಎಂ ಅಂತಲೇ ಮನಸ್ಸು ಮಾಡಿದೆವು. ಸಿಕ್ಕಿಕೊಂಡಿರುವುದು ಅಲ್ಲೇ. ಕಾಲೇಜಿನವರು ತೋರಿಸಿದ ಮಾನ್ಯತೆ ಪತ್ರ ಹೋದ ವರ್ಷದ್ದು. ಈ ವರ್ಷದ್ದು ಕೇಳಿದರೆ "ಬರುತ್ತೆ, ಮೊದಲು ಅಡ್ಮಿಷನ್ ಮಾಡಿಸಿ" ಅನ್ನುತ್ತಾರೆ. ಓದುವ ಮಕ್ಕಳನ್ನು ತರಬೇತಿ ಡ್ಯೂಟಿಗೆ ಯಾವ ಆಸ್ಪತ್ರೆಗೆ ಕಳಿಸುತ್ತೀರಿ ಎಂದರೂ ಸರಿಯಾದ ಉತ್ತರವಿಲ್ಲ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಮಾತ್ರ ಇವತ್ತೇ ಕೊಡಿ ಅಂದರು. ಕೊಟ್ಟಿಲ್ಲ.

ಈ ವರ್ಷದ ಪತ್ರ ಇಲ್ಲದೆ ಸೇರಿಸಿದರೆ ಮುಂದೆ ಬೋರ್ಡ್ ಪರೀಕ್ಷೆಗೆ ತೊಂದರೆ ಆಗುತ್ತದಾ? ಆ ಪತ್ರ ನಿಜವೋ ಅಲ್ಲವೋ ಎಂದು ನಾವೇ ಎಲ್ಲಿ ವಿಚಾರಿಸಬಹುದು? ಗೊತ್ತಿರುವವರು ದಯವಿಟ್ಟು ತಿಳಿಸಿ, ಶನಿವಾರದೊಳಗೆ ಅವರಿಗೆ ಹೇಳಬೇಕು.