ಪದಚರ್ಚೆ: ಮೆಗಾವ್ಯಾಟಿಗೆ ‘ಶಕ್ತಿ’ಯೋ ‘ಸಾಮರ್ಥ್ಯ’ವೋ?

ಗೆಳೆಯರೆ, ನಮಸ್ಕಾರ.

‘ಪವರ್’ಗೆ ಕನ್ನಡದಲ್ಲಿ ಏನೆನ್ನೋಣ? ಕೇಳುತ್ತಿರುವುದು ಭೌತಶಾಸ್ತ್ರದ ಪವರ್, ವ್ಯಾಟಿನಲ್ಲಿ ಅಳೆಯುವಂಥದ್ದು. ಕನ್ನಡಕದ ಪವರ್ ಅಲ್ಲ, ವಿಧಾನಸೌಧದ ಪವರ್ ಅಲ್ಲ, ನಾಲ್ಕು ಹನಿ ಬಿದ್ದ ಕೂಡಲೇ ಹೋಗುವ ಪವರ್ ಕೂಡ ಅಲ್ಲ. ಪಠ್ಯಪುಸ್ತಕ ತೆರೆದರೆ ಉತ್ತರ ಸಿದ್ಧವಾಗಿದೆ: ಎನರ್ಜಿ ಎಂದರೆ ಶಕ್ತಿ, ಫೋರ್ಸ್ ಎಂದರೆ ಬಲ, ಪವರ್ ಎಂದರೆ ಸಾಮರ್ಥ್ಯ. ‘ಕೆಲಸ ನಡೆಯುವ ದರವೇ ಸಾಮರ್ಥ್ಯ’ ಎಂದು ಉರು ಹೊಡೆದು ಅಂಕ ತೆಗೆದುಕೊಂಡವರೇ ನಾವೆಲ್ಲ. ಆದರೆ ಶಾಲೆಯ ಕಾಂಪೌಂಡು ದಾಟಿದ ಮೇಲೆ ಆ ಪದ ಆ ಅರ್ಥದಲ್ಲಿ ನಿಂತದ್ದನ್ನು ನಾನಂತೂ ಕಂಡಿಲ್ಲ.

ಇದು ಬರೀ ಪಾರಿಭಾಷಿಕ ಪದದ ಚಪಲ ಅಲ್ಲ. ವಿದ್ಯುತ್ತು, ಹವೆ, ಆಯುಧ, ಈ ಮೂರರ ಬಗ್ಗೆ ಕನ್ನಡದಲ್ಲಿ ನಡೆಯುವ ಜಗಳಗಳನ್ನು ಓದುತ್ತ ಕೂತರೆ, ಅರ್ಧಕ್ಕರ್ಧ ಕಡೆ ಇಬ್ಬರೂ ಸರಿಯೇ ಹೇಳುತ್ತಿರುತ್ತಾರೆ. ಒಂದೇ ಪದವನ್ನು ಎರಡು ಅಳತೆಗೆ ಬಳಸುತ್ತಿರುತ್ತಾರೆ, ಅಷ್ಟೇ.

ಕೈಗಾ–ಪಾವಗಡದ ಜಗಳ ನೋಡಿ. ಒಬ್ಬರು ಬರೆಯುತ್ತಾರೆ: ‘ಪಾವಗಡದ ಸೌರ ಪಾರ್ಕಿನ ಶಕ್ತಿ 2,050 ಮೆಗಾವ್ಯಾಟ್, ಕೈಗಾದ್ದು ಬರೀ 880. ಇನ್ನೂ ಎರಡು ರಿಯಾಕ್ಟರ್ ತಂದು ಕಾಳಿ ಕಣಿವೆಯಲ್ಲಿ ಯಾಕೆ ಕೂರಿಸಬೇಕು?’ ಇನ್ನೊಬ್ಬರು ಎಗರಿ ಬೀಳುತ್ತಾರೆ: ‘ಸುಳ್ಳು! ಪಾವಗಡಕ್ಕಿಂತ ಕೈಗಾದ ಶಕ್ತಿಯೇ ಜಾಸ್ತಿ.’ ಇಬ್ಬರ ಮಾತೂ ಸರಿ. 2,050 ಎಂಬುದು ಬಿಸಿಲು ನೆತ್ತಿಗೇರಿದಾಗ ಆ ಹದಿಮೂರು ಸಾವಿರ ಎಕರೆ ಫಲಕಗಳಿಂದ ಒಮ್ಮೆಲೇ ಹೊರಡಬಹುದಾದ ವಿದ್ಯುತ್ತು. ಅದು ವರ್ಷವಿಡೀ ಹಗಲು ರಾತ್ರಿ ಹಾಗೇ ಹೊರಟಿದ್ದರೆ ಸುಮಾರು 1,795 ಕೋಟಿ ಯೂನಿಟ್ ಆಗುತ್ತಿತ್ತು (ಸಾವಿರ ವ್ಯಾಟ್ ಒಂದು ಗಂಟೆ ಹರಿದರೆ ಒಂದು ಯೂನಿಟ್). ಆದರೆ ಸಂಜೆಯಾಗುತ್ತದೆ, ಆಷಾಢದ ಮೋಡ ಕವಿಯುತ್ತದೆ. ಸೌರ ಫಲಕದಿಂದ ವರ್ಷದ ಕೊನೆಗೆ ಕೈಗೆ ಸಿಗುವುದು ಆ ಲೆಕ್ಕದ ಐದನೇ ಒಂದು ಭಾಗ, ಹೆಚ್ಚೆಂದರೆ ನಾಲ್ಕನೇ ಒಂದು. ಅಂದರೆ 360ರಿಂದ 450 ಕೋಟಿ ಯೂನಿಟ್. ಕೈಗಾದ ನಾಲ್ಕು ಘಟಕ ಸೇರಿ 880 ಮೆಗಾವ್ಯಾಟೇ ಆದರೂ ಅವಕ್ಕೆ ರಾತ್ರಿಯೆಂಬುದಿಲ್ಲ. ಮೊದಲನೇ ಘಟಕ 2018ರ ಡಿಸೆಂಬರ್ 31ಕ್ಕೆ ನಿಲ್ಲಿಸುವ ಹೊತ್ತಿಗೆ 962 ದಿನ ಒಂದೇ ಸಮನೆ ಓಡಿತ್ತು. ಆಗ ಅದು ವಿಶ್ವದಾಖಲೆ. ವರ್ಷಪೂರ್ತಿ ತುಂಬು ಓಟಕ್ಕೆ 770 ಕೋಟಿ ಯೂನಿಟ್. ಇಪ್ಪತ್ತು ಪರ್ಸೆಂಟ್ ಕಳೆದರೂ ಆರುನೂರು ಕೋಟಿಯ ಮೇಲೇ ನಿಲ್ಲುತ್ತದೆ.

ಕೈಗಾ ಬೇಕೋ ಬೇಡವೋ ಎಂಬುದು ಬೇರೆ ಮಾತು, ಅದಕ್ಕೆ ಕಾಡು, ತ್ಯಾಜ್ಯ, ಖರ್ಚು ಎಲ್ಲ ಇದೆ. ನನ್ನ ತಕರಾರು ಮೊದಲನೆಯವರ ‘ಶಕ್ತಿ’ಯ ಮೇಲೆ. ಅವರು ಹೇಳಿದ್ದು ಪವರ್, ಎರಡನೆಯವರು ಹೇಳಿದ್ದು ಎನರ್ಜಿ. 2018ರಲ್ಲಿ ಉದ್ಘಾಟನೆಯಾದಾಗ ಆ ಪಾರ್ಕಿಗೆ ಇಟ್ಟ ಹೆಸರೇ ‘ಶಕ್ತಿ ಸ್ಥಳ’, ಪಾಪ ಅವರನ್ನು ಏನೆನ್ನುವುದು?

ಹಾಗಾದರೆ ಪಠ್ಯದಂತೆ ‘ಸಾಮರ್ಥ್ಯ’ ಅನ್ನಬಹುದಲ್ಲ ಎನ್ನುವಿರಿ. ಅಲ್ಲೇ ಸಿಕ್ಕು. ಸ್ಥಾವರದ ವಿಷಯದಲ್ಲಿ ‘ಸ್ಥಾಪಿತ ಸಾಮರ್ಥ್ಯ’ ಎನ್ನುವ ಪದ ಆಗಲೇ ಕೂತಿದೆ, ಅದು ಕೆಪ್ಯಾಸಿಟಿ. ‘ಕೈಗಾದ ಸಾಮರ್ಥ್ಯ 880 ಮೆಗಾವ್ಯಾಟ್’ ಎಂದರೆ ಸರಿಹೋಯಿತು. ಆದರೆ ‘ನಿನ್ನೆ ರಾತ್ರಿ ಹನ್ನೆರಡಕ್ಕೆ ಕೈಗಾದಿಂದ ಗ್ರಿಡ್ಡಿಗೆ ಬಂದ ಪವರ್ ಎಷ್ಟು?’ ಎಂಬುದನ್ನು ‘ಬಂದ ಸಾಮರ್ಥ್ಯ ಎಷ್ಟು’ ಎಂದು ಬರೆಯಲು ಬಂದೀತೆ? ಸಾಮರ್ಥ್ಯ ಎಂದ ಕೂಡಲೇ ಕನ್ನಡದ ಕಿವಿಗೆ ಕೇಳುವುದು ‘ಮಾಡಬಲ್ಲೆ’ ಎಂಬ ಅರ್ಥ. ಮಾಡುತ್ತಿದ್ದೇನೆ ಎಂಬುದಲ್ಲ. ಹರಿಯುತ್ತಿರುವುದಕ್ಕೆ ಆ ಪದ ಒಗ್ಗುವುದಿಲ್ಲ.

ಆಯುಧಗಳ ಕಡೆ ಹೋದರೆ ಈ ಪದದ ಪಾಡು ಇನ್ನೂ ಬಿಗಡಾಯಿಸಿದೆ. ‘5,000 ಕಿ.ಮೀ. ಸಾಮರ್ಥ್ಯದ ಅಗ್ನಿ-5 ಕ್ಷಿಪಣಿ’: ಇಲ್ಲಿ ಸಾಮರ್ಥ್ಯ ಎಂದರೆ ದೂರ. ‘15 ಕಿಲೋಟನ್ ಸಾಮರ್ಥ್ಯದ ಬಾಂಬ್’: ಇಲ್ಲಿ ಸಾಮರ್ಥ್ಯ ಎಂದರೆ ಶುದ್ಧಾಂಗ ಎನರ್ಜಿ. ‘ಒಂದು ಟನ್ ಸಾಮರ್ಥ್ಯದ ಸಿಡಿತಲೆ’: ಇದು ತೂಕವೋ ಸ್ಫೋಟವೋ ಬರೆದವರಿಗೇ ಗೊತ್ತು. (ವಾರ್‌ಹೆಡ್ಡಿಗೆ ‘ಸಿಡಿತಲೆ’ ಎಂದು ಮೊದಲು ಬರೆದ ಪತ್ರಕರ್ತರು ಯಾರೋ, ಅವರಿಗೊಂದು ನಮಸ್ಕಾರ. ಓದಿದ ಕೂಡಲೇ ಅರ್ಥವಾಗುತ್ತದೆ, ನಾಲಗೆಗೂ ತೊಡಕಿಲ್ಲ.)

ಕಿಲೋಟನ್ನಿನ ಮೇಲೆ ಸ್ವಲ್ಪ ನಿಲ್ಲಬೇಕು. ಅಣುವಿದ್ಯುತ್ ವಿರೋಧಿಸುವವರೂ ಬೆಂಬಲಿಸುವವರೂ ತಪ್ಪದೆ ಎಳೆದು ತರುವ ಹೆಸರು ಹಿರೋಷಿಮಾ. ಅಲ್ಲಿ ಬಿದ್ದ ಬಾಂಬಿನದು ಸುಮಾರು 15 ಕಿಲೋಟನ್. ಒಂದು ಕಿಲೋಟನ್ ಟಿಎನ್‌ಟಿ (ಸಾವಿರ ಟನ್ ಆ ಸ್ಫೋಟಕ ಸಿಡಿದಾಗ ಬಿಡುವ ಎನರ್ಜಿ) ಅಂದರೆ ನಮ್ಮ ಮೀಟರಿನ ಲೆಕ್ಕದಲ್ಲಿ 11.6 ಲಕ್ಷ ಯೂನಿಟ್. ಹದಿನೈದಕ್ಕೆ ಒಂದೂ ಮುಕ್ಕಾಲು ಕೋಟಿ ಯೂನಿಟ್ ಹತ್ತಿರ. ತುಂಬು ಓಟದಲ್ಲಿ ಕೈಗಾ ಗಂಟೆಗೆ 8.8 ಲಕ್ಷ ಯೂನಿಟ್ ಕೊಡುತ್ತದೆ. ಭಾಗಿಸಿ ನೋಡಿ, ಇಪ್ಪತ್ತು ಗಂಟೆ. ನಾವು ಫ್ಯಾನು ಹಾಕಿಕೊಂಡು ಮಲಗಿ, ಎದ್ದು, ದೋಸೆಹಿಟ್ಟು ರುಬ್ಬಿ, ಸಂಜೆ ದೀಪ ಹಚ್ಚುವುದರೊಳಗೆ ಕೈಗಾದ ತಂತಿಯಲ್ಲಿ ಹಿರೋಷಿಮಾ ಬಾಂಬಿನಷ್ಟೇ ಎನರ್ಜಿ ಹರಿದುಹೋಗಿರುತ್ತದೆ, ಯಾರ ಕೂದಲೂ ಕೊಂಕದೆ. ಬಾಂಬು ಅದನ್ನೇ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗದಷ್ಟು ಹೊತ್ತಿನಲ್ಲಿ ಬಿಟ್ಟಿತು. ಎನರ್ಜಿ ಒಂದೇ, ಪವರ್ ಅಜಗಜಾಂತರ. ಈಗ ಈ ಕೊನೆಯ ವಾಕ್ಯವನ್ನು ಇಂಗ್ಲಿಷ್ ಪದವಿಲ್ಲದೆ, ‘ಸಾಮರ್ಥ್ಯ’ವನ್ನು ಮೇಲಿನ ನಾಲ್ಕೂ ಅರ್ಥದಲ್ಲಿ ಓದಿ ದಣಿದ ಓದುಗರಿಗೆ ತಿಳಿಯುವ ಹಾಗೆ ಬರೆಯಿರಿ. ನಾನು ಬರೆದು ಹೊಡೆದುಹಾಕಿದ್ದೇನೆ.

ಲೇಸರ್ ಆಯುಧದ ಕತೆ ಇದರ ತಿರುವುಮುರುವು. 2025ರ ಏಪ್ರಿಲ್‌ನಲ್ಲಿ ಡಿಆರ್‌ಡಿಒ ಕರ್ನೂಲಿನಲ್ಲಿ 30 ಕಿಲೋವ್ಯಾಟಿನ ಲೇಸರಿನಿಂದ ಡ್ರೋನ್ ಸುಟ್ಟು ಬೀಳಿಸಿತಲ್ಲ, ಆಗ ‘30 ಕಿಲೋವ್ಯಾಟ್ ಶಕ್ತಿಯ ಆಯುಧ’ ಎಂದು ಎಲ್ಲೆಡೆ ಹರಿದಾಡಿತು. ಕೂಡಲೇ ಒಂದು ಬಣ ‘ಇನ್ನು ಕ್ಷಿಪಣಿಗಳ ಕಾಲ ಮುಗಿಯಿತು’ ಎಂದು ಕುಣಿಯಿತು. ಇನ್ನೊಂದು ಬಣ ‘40 ಎಚ್‌ಪಿ ಮೋಟರಿನಷ್ಟು ಶಕ್ತಿಯಲ್ಲಿ ಏನು ಸುಡೋಕಾಗುತ್ತೆ’ ಎಂದು ನಕ್ಕಿತು. ಕಿಲೋವ್ಯಾಟ್ ಪವರ್. ಆ ಕಿರಣ ಹತ್ತು ಸೆಕೆಂಡು ಬಿದ್ದರೂ ತಲುಪಿಸುವ ಎನರ್ಜಿ ಒಂದು ಯೂನಿಟ್ಟಿನ ಹನ್ನೆರಡನೇ ಒಂದು ಭಾಗ, ಅಂದರೆ ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆ ಐದು ನಿಮಿಷ ಉಣ್ಣುವಷ್ಟು. ಕೆಲಸ ಮಾಡುವುದು ಆ ಚೂರು ಎನರ್ಜಿ ಕಿರಿದಾದ ಜಾಗದ ಮೇಲೆ ಕಡಿಮೆ ಹೊತ್ತಿನಲ್ಲಿ ಬಿದ್ದದ್ದರಿಂದ. ‘ಶಕ್ತಿ’ ಎಂದು ಬರೆದು ಇದನ್ನು ವಿವರಿಸಲು ಹೊರಟವರು ಮೂರನೇ ಸಾಲಿಗೇ ಜಾರುತ್ತಾರೆ.

ತೊಡಕಿನ ಬೇರು ಎಲ್ಲಿದೆ ಎಂದು ನನಗನ್ನಿಸುವುದನ್ನು ಹೇಳುತ್ತೇನೆ. ಹಿಂದಿಯಲ್ಲಿ ಎನರ್ಜಿ ‘ಊರ್ಜಾ’, ಪವರ್ ‘ಶಕ್ತಿ’, ಫೋರ್ಸ್ ‘ಬಲ’. ಮರಾಠಿಯಲ್ಲೂ ಹಾಗೇ. ಕನ್ನಡದಲ್ಲಿ, ಪಕ್ಕದ ತೆಲುಗಿನಲ್ಲಿ, ಶಕ್ತಿ ಎನರ್ಜಿಯ ಕುರ್ಚಿಯಲ್ಲಿ ಕೂತಿದೆ. ತಮಿಳರು ಈ ಗೊಡವೆಗೇ ಹೋಗದೆ ‘ಆಟ್ರಲ್’, ‘ತಿರನ್’, ‘ವಿಸೈ’ ಎಂದು ಮೂರು ಬೇರೆ ಪದ ಹಿಡಿದು ಆರಾಮಾಗಿದ್ದಾರೆ. ದೆಹಲಿಯಿಂದ ಬಂದ ಹಿಂದಿ ಪ್ರಕಟಣೆಯನ್ನು ಕನ್ನಡಕ್ಕೆ ಇಳಿಸುವವರು ‘ಶಕ್ತಿ’ಯನ್ನು ‘ಶಕ್ತಿ’ ಎಂದೇ ಉಳಿಸುತ್ತಾರೆ, ಸಂಸ್ಕೃತ ಪದ ಎರಡೂ ಕಡೆ ಒಂದೇ ಎಂಬ ನಂಬಿಕೆಯಲ್ಲಿ. ದಾರಿಯಲ್ಲೇ ಮೆಗಾವ್ಯಾಟು ಎನರ್ಜಿಯಾಗಿಬಿಡುತ್ತದೆ. ನಮ್ಮ ‘ಅಶ್ವಶಕ್ತಿ’ಯನ್ನೇ ನೋಡಿ. 746 ವ್ಯಾಟ್, ಅದು ಪವರ್. ಹಿಂದಿಯ ಲೆಕ್ಕಕ್ಕೆ ಹೆಸರು ಸರಿ, ನಮ್ಮ ಪಠ್ಯದ ಲೆಕ್ಕಕ್ಕೆ ಅದು ‘ಅಶ್ವಸಾಮರ್ಥ್ಯ’ ಆಗಬೇಕಿತ್ತು. ಆಗಲಿಲ್ಲ, ಪುಣ್ಯ.

ಹಾಗಾದರೆ ಎನರ್ಜಿಗೆ ನಾವೂ ‘ಊರ್ಜೆ’ ತಂದುಕೊಂಡು ‘ಶಕ್ತಿ’ಯನ್ನು ಪವರ್‌ಗೆ ಬಿಟ್ಟುಕೊಟ್ಟರೆ? ತಂದವರಿದ್ದಾರೆ, ಹತ್ತಲಿಲ್ಲ. ಕನ್ನಡದಲ್ಲಿ ಆ ಧಾತುವನ್ನು ಕೋರ್ಟು ಎಂದೋ ವಶಪಡಿಸಿಕೊಂಡಿದೆ: ಆದೇಶ ಊರ್ಜಿತ, ಕಾಯ್ದೆ ಅನೂರ್ಜಿತ. ಮೇಲಾಗಿ ಸೌರಶಕ್ತಿ, ಪವನಶಕ್ತಿ, ಅಣುಶಕ್ತಿ ಇವನ್ನೆಲ್ಲ ಬೇರುಸಹಿತ ಕೀಳಬೇಕು. ಸರ್ಕಾರವಂತೂ ಮೂರನೇ ದಾರಿ ಹಿಡಿದಿದೆ, ಎನರ್ಜಿ ಇಲಾಖೆಗೆ ‘ಇಂಧನ ಇಲಾಖೆ’ ಎಂದು ಹೆಸರು. ಇಂಧನ ಎಂದರೆ ಉರಿಸುವಂಥದ್ದು, ಸೌದೆ, ಕಲ್ಲಿದ್ದಲು, ಡೀಸೆಲ್. ಅದರಿಂದ ‘ನವೀಕರಿಸಬಹುದಾದ ಇಂಧನ’ ಹುಟ್ಟಿ, ಗಾಳಿಯೂ ಬಿಸಿಲೂ ಇಂಧನವಾದವು. ನನಗೆ ಇದು ಸುತರಾಂ ಒಪ್ಪಿಗೆಯಿಲ್ಲ. ಪೆಟ್ರೋಲಿಗೂ ಬಿಸಿಲಿಗೂ ಇರುವ ವ್ಯತ್ಯಾಸವೇ ಚರ್ಚೆಯ ವಸ್ತುವಾಗಿರುವಾಗ ಎರಡಕ್ಕೂ ಒಂದೇ ಹೆಸರಿಟ್ಟರೆ ಜಗಳವಾಡುವುದಾದರೂ ಹೇಗೆ?

ಹವೆಯ ವಿಷಯದಲ್ಲೂ ಇಂಥದ್ದೇ ಗಂಟು. ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ, ಹಿಂದೆ ಇಲ್ಲಿ ಸಾಕಷ್ಟು ಚರ್ಚೆಯಾಗಿದೆ. ಭೂಗೋಳದ ಪಠ್ಯದಲ್ಲಿ ವೆದರ್ ಎಂದರೆ ಹವಾಮಾನ, ಕ್ಲೈಮೇಟ್ ಎಂದರೆ ವಾಯುಗುಣ. ಪತ್ರಿಕೆಗಳು ಕ್ಲೈಮೇಟ್ ಚೇಂಜ್‌ಗೆ ಬರೆಯುವುದು ‘ಹವಾಮಾನ ಬದಲಾವಣೆ’. ಹವಾಮಾನ ದಿನಾ ಬದಲಾಗುತ್ತದೆ, ಅದಕ್ಕೆಂದೇ ಒಂದು ಇಲಾಖೆ ಇದೆ. ‘ಈ ಸಲ ಬೆಂಗಳೂರಲ್ಲಿ ಸ್ವೆಟರ್ ತೆಗೆಯೋಕಾಗ್ತಿಲ್ಲ, ಎಲ್ಲಿ ನಿಮ್ಮ ತಾಪಮಾನ ಏರಿಕೆ?’ ಎಂದು ಕೇಳುವವರಿಗೆ ಅರ್ಧ ಆಹಾರ ಆ ಪದವೇ ಒದಗಿಸಿದೆ. ಮೂವತ್ತು ವರ್ಷದ ಸರಾಸರಿ ಇಟ್ಟುಕೊಂಡು ಮಾತಾಡುವ ವಿದ್ಯಮಾನಕ್ಕೆ ‘ವಾಯುಗುಣ’ವೇ ಚಂದ, ಗುಣ ಬೇಗ ಬದಲಾಗುವಂಥದ್ದಲ್ಲ. ‘ಹವಾಮಾನ ವೈಪರೀತ್ಯ’ವಂತೂ ಒಂದು ಚಂಡಮಾರುತಕ್ಕೂ ಒಪ್ಪುತ್ತದೆ, ಒಂದು ಶತಮಾನಕ್ಕೂ ಒಪ್ಪುತ್ತದೆ. ಏನೂ ಹೇಳದ ಪದ.

ಮರಳಿ ಪವರ್‌ಗೆ. ತಮಾಷೆ ಏನೆಂದರೆ ಪದವಿಲ್ಲದೆ ಒದ್ದಾಡುತ್ತಿರುವವರು ಬರೆಯುವವರು ಮಾತ್ರ. ಪಂಪ್‌ಸೆಟ್ ಇಟ್ಟುಕೊಂಡ ರೈತರಿಗೆ ಈ ಗೊಂದಲವೇ ಇಲ್ಲ. ‘ಐದು ಎಚ್‌ಪಿ ಮೋಟ್ರು, ತ್ರೀ ಫೇಸ್ ಏಳು ಗಂಟೆ ಕೊಟ್ರೆ ಒಂದೂವರೆ ಎಕರೆ ನೆನೀತದೆ’ ಎನ್ನುವವರ ಮಾತಿನಲ್ಲಿ ಎಚ್‌ಪಿ ಪವರ್, ಎಚ್‌ಪಿ ಮತ್ತು ಗಂಟೆ ಸೇರಿ ಎನರ್ಜಿ (ಲೆಕ್ಕಕ್ಕೆ ಸುಮಾರು 26 ಯೂನಿಟ್), ನೆನೆದ ನೆಲ ಆದ ಕೆಲಸ. ಮೂರೂ ಬೇರೆ ಬೇರೆಯಾಗಿ, ಒಂದರ ಮೇಲೊಂದು ಬೀಳದೆ ನಿಂತಿವೆ. ಮನೆಯ ಕರೆಂಟ್ ಬಿಲ್ಲಿನಲ್ಲೂ ಅಷ್ಟೆ, ಮಂಜೂರಾದ ಲೋಡ್ ಒಂದು ಸಾಲು, ಬಳಸಿದ ಯೂನಿಟ್ ಇನ್ನೊಂದು ಸಾಲು. ಲೋಡಿಗೂ ಯೂನಿಟ್ಟಿಗೂ ವ್ಯತ್ಯಾಸ ಗೊತ್ತಿಲ್ಲದ ಲೈನ್‌ಮ್ಯಾನ್ ಇಲ್ಲ. (ಯೂನಿಟ್ಟಿಗೂ ಒಂದು ಕಾಟ ಇದೆ: ‘ಕೈಗಾದ ನಾಲ್ಕನೇ ಯೂನಿಟ್’ ಎಂದರೆ ರಿಯಾಕ್ಟರು. ಅಲ್ಲಿ ‘ಘಟಕ’ ಎಂದು ಬರೆದರೆ ತೀರಿತು.)

ಹಾಗಾಗಿ ನನ್ನ ಮಟ್ಟಿಗೆ ಎನರ್ಜಿಗೆ ‘ಶಕ್ತಿ’ಯನ್ನೇ ಉಳಿಸಿಕೊಂಡಿದ್ದೇನೆ. ಸಾಮರ್ಥ್ಯವನ್ನು ಕೆಪ್ಯಾಸಿಟಿಗೆ ಮೀಸಲಿಟ್ಟು, ಕ್ಷಿಪಣಿಗೆ ‘ವ್ಯಾಪ್ತಿ’ ಅಥವಾ ನೇರವಾಗಿ ‘ಇಷ್ಟು ದೂರ ಹೋಗುವ’ ಎಂದು ಬರೆಯುತ್ತೇನೆ. ಪವರ್‌ಗೆ ‘ಶಕ್ತಿದರ’ ಎಂಬುದನ್ನು ಕೆಲವು ಸಲ ಪ್ರಯತ್ನಿಸಿದೆ. ಅರ್ಥ ನಿಖರ, ಆದರೆ ದರ ಎಂದ ಕೂಡಲೇ ಓದುಗರು ಯೂನಿಟ್ಟಿಗೆ ಎಷ್ಟು ರೂಪಾಯಿ ಎಂದು ಓದಿಕೊಳ್ಳುತ್ತಾರೆ. ‘ಕಸುವು’ ಎಂದು ಸೂಚಿಸುವ ಗೆಳೆಯರಿದ್ದಾರೆ. ಚೆಂದದ ಪದ. ಮೈಯಲ್ಲಿ ಕಸುವಿಲ್ಲ, ಮಣ್ಣಿನಲ್ಲಿ ಕಸುವಿಲ್ಲ ಎನ್ನುವಾಗ ಅದು ಒಳಗೆ ಕೂಡಿಟ್ಟದ್ದನ್ನು ಹೇಳುತ್ತದೆ. ನನ್ನ ಕಿವಿಗೆ ಅದು ಎನರ್ಜಿಯ ಕಡೆಗೇ ವಾಲುತ್ತದೆ. ಸದ್ಯಕ್ಕೆ ‘ಪವರ್’ ಎಂದೇ ಕನ್ನಡ ಅಕ್ಷರದಲ್ಲಿ ಬರೆದು, ಪಕ್ಕದಲ್ಲಿ ವ್ಯಾಟ್ ಹಾಕಿ ಪಾರಾಗುತ್ತಿದ್ದೇನೆ.

ಬಲ್ಲವರಲ್ಲಿ ನನ್ನ ಕೇಳಿಕೆ ಮೂರು. ಕನ್ನಡ ಮಾಧ್ಯಮದಲ್ಲಿ ಪಿಯುಸಿ ಭೌತಶಾಸ್ತ್ರ ಪಾಠ ಮಾಡಿದವರು ತರಗತಿಯಲ್ಲಿ, ಬೋರ್ಡಿನ ಮೇಲಲ್ಲ, ಬಾಯಲ್ಲಿ ಯಾವ ಪದ ಬಳಸುತ್ತಿದ್ದಿರಿ? ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಗಣಿಗೆ ತಂತಿ ಎಳೆದ ಕಾಲದ, ಅಥವಾ 1905ರಲ್ಲಿ ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದ ಕಾಲದ ಕನ್ನಡ ಕಾಗದಪತ್ರ ನೋಡಿದವರಿದ್ದರೆ, ಅಲ್ಲಿ ಹಾರ್ಸ್‌ಪವರಿಗೆ ಏನು ಬರೆದಿದ್ದಾರೆ? ಇನ್ನೊಂದು, ಬಾಂಬಿನ ‘ಯೀಲ್ಡ್’, ಅಂದರೆ ಅದು ಸಿಡಿದಾಗ ಹೊರಬೀಳುವ ಎನರ್ಜಿ. ಇಳುವರಿ ಎಂದು ಒಬ್ಬರು ಬರೆದದ್ದು ಓದಿ ನಗು ಬಂತು, ಆಮೇಲೆ ‘ಸಾಮರ್ಥ್ಯ’ಕ್ಕಿಂತ ಅದೇ ವಾಸಿಯೇನೋ ಅನ್ನಿಸಿತು. ಭತ್ತಕ್ಕೂ ಬಾಂಬಿಗೂ ಒಂದೇ ಪದ ಬೇಡ ಎನ್ನುವವರು ಬದಲಿ ಪದ ಹೇಳಿ.