ಹೋಟೆಲ್ ಸಿಬ್ಬಂದಿಯ ಸಂದರ್ಶನ: ‘ನಮ್ಮಲ್ಲಿ ಎಲ್ಲ ಸರಿಯುಂಟು’ ಎಂಬ ಉತ್ತರದಿಂದ ಮುಂದೆ ಹೋಗುವುದು ಹೇಗೆ?

ಅಜ್ಜರಕಾಡು_ಓದು

ಎಲ್ಲರಿಗೂ ನಮಸ್ಕಾರ. ಮ್ಯಾನೇಜ್‌ಮೆಂಟ್ ವಿಷಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಉಡುಪಿ ಮತ್ತು ಮಂಗಳೂರಿನ ಮಧ್ಯಮ ಗಾತ್ರದ ಸಸ್ಯಾಹಾರಿ ಹೋಟೆಲುಗಳಲ್ಲಿ, ಅಂದರೆ 20ರಿಂದ 50 ಜನ ಕೆಲಸಕ್ಕಿರುವಂಥವುಗಳಲ್ಲಿ, ಸರಿ-ತಪ್ಪಿನ ಪ್ರಶ್ನೆ ಬಂದಾಗ ಸೂಪರ್‌ವೈಸರುಗಳು ಹೇಗೆ ತೀರ್ಮಾನ ಮಾಡುತ್ತಾರೆ ಎನ್ನುವುದು ವಿಷಯ. ಮೂರು ಸಂಗತಿ ಇಟ್ಟುಕೊಂಡಿದ್ದೇನೆ: ಟಿಪ್ಸ್ ಹಂಚಿಕೆ, ಉಳಿದ ಅಡುಗೆ ಮತ್ತು ಕರಿದ ಎಣ್ಣೆ, ಗಿರಾಕಿ ಬೈದಾಗ ಸಪ್ಲೈಯರ್ ಪರ ನಿಲ್ಲುವುದೋ ಇಲ್ಲವೋ.

ಪೈಲಟ್ (ಮೊದಲ ಪ್ರಾಯೋಗಿಕ) ಸಂದರ್ಶನಗಳಲ್ಲಿ ಎಲ್ಲರದೂ ಒಂದೇ ಉತ್ತರ: ‘ನಮ್ಮಲ್ಲಿ ಎಲ್ಲ ಸರಿಯುಂಟು ಮೇಡಂ.’ ಮಾಲೀಕರ ಅನುಮತಿ ಪಡೆದು ಹೋಟೆಲಿನ ಒಳಗೇ, ಹೆಚ್ಚಾಗಿ ಕ್ಯಾಶ್ ಕೌಂಟರಿನ ಹಿಂದಿನ ಕೋಣೆಯಲ್ಲಿ ಮಾತಾಡಿಸಿದ್ದು. ಪ್ರಶ್ನೆಗಳು ‘ಟಿಪ್ಸ್ ನ್ಯಾಯವಾಗಿ ಹಂಚಿಕೆಯಾಗುತ್ತದೆಯೇ?’ ಎಂಬ ರೀತಿಯವು. ಕೇಳುವ ಕ್ರಮ ಬದಲಿಸಬೇಕೇ, ಜಾಗ ಬದಲಿಸಬೇಕೇ, ಒಟ್ಟು ಎಷ್ಟು ಸಂದರ್ಶನ ಬೇಕು? ತಿಳಿದವರು ದಯವಿಟ್ಟು ಹೇಳಿ.

ಕೊಣಾಜೆ_ಗುಡ್ಡೆ

ಎರಡನ್ನೂ ಬದಲಿಸಬೇಕು. ನಾನು ಕೇಳುವ ಕ್ರಮದ ಬಗ್ಗೆ ಮಾತ್ರ ಬರೆಯುತ್ತೇನೆ.

‘ನ್ಯಾಯವಾಗಿ ಹಂಚಿಕೆಯಾಗುತ್ತದೆಯೇ’ ಎಂದು ಕೇಳಿದರೆ ಹೌದು ಎನ್ನದೆ ಸೂಪರ್‌ವೈಸರಿಗೆ ಬೇರೆ ದಾರಿಯಿಲ್ಲ. ಇಲ್ಲ ಎಂದರೆ ಧಣಿಯ ಮೇಲೆ ದೂರು ಹೇಳಿದ ಹಾಗೆ. ಹಂಚುವುದು ಅವನೇ ಆಗಿದ್ದರೆ ತನ್ನ ಮೇಲೆಯೇ ಹೇಳಿಕೊಂಡ ಹಾಗೆ. ನ್ಯಾಯ, ನೈತಿಕತೆ, ಪ್ರಾಮಾಣಿಕತೆ ಈ ಮೂರು ಪದಗಳನ್ನು ಪ್ರಶ್ನೆಪಟ್ಟಿಯಿಂದ ಪೂರ್ತಿ ತೆಗೆಯಿರಿ. ಅಭಿಪ್ರಾಯ ಕೇಳಬೇಡಿ, ನಡೆದದ್ದನ್ನು ಕೇಳಿ. ಇದಕ್ಕೆ ‘ಕ್ರಿಟಿಕಲ್ ಇನ್ಸಿಡೆಂಟ್’ ವಿಧಾನ ಎನ್ನುತ್ತಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನಾ ವಿಮಾನ ಸಿಬ್ಬಂದಿಯ ಅಧ್ಯಯನಗಳಿಂದ ಬೆಳೆದದ್ದು. ಜಾನ್ ಫ್ಲಾನಗನ್ 1954ರಲ್ಲಿ ವಿವರವಾಗಿ ಬರೆದರು. ಸೇವಾ ಉದ್ಯಮದ ಸಂಶೋಧನೆಯಲ್ಲಿ ಇವತ್ತಿಗೂ ಬಹಳ ಬಳಕೆಯಲ್ಲಿದೆ.

ಟಿಪ್ಸ್ ವಿಷಯವನ್ನೇ ತೆಗೆದುಕೊಳ್ಳಿ. ಗಿರಾಕಿ ಕೌಂಟರಿನ ಕ್ಯೂಆರ್ ಸ್ಕ್ಯಾನ್ ಮಾಡಿ, 180 ರೂಪಾಯಿ ಬಿಲ್ಲಿಗೆ 200 ಹಾಕಿ, ‘ಬಾಕಿ ಆ ಹುಡುಗನಿಗೆ ಕೊಡಿ’ ಎಂದು ಹೊರಡುತ್ತಾರೆ. ಆ 20 ರೂಪಾಯಿ ಮಾಲೀಕರ ಖಾತೆಗೆ ಹೋಯಿತು. ಅದನ್ನು ಯಾರು, ಎಲ್ಲಿ ಬರೆದಿಟ್ಟರು? ಗಲ್ಲಾದಿಂದ ಆಗಲೇ ನೋಟು ತೆಗೆದು ಕೊಟ್ಟರೋ, ವಾರದ ಕೊನೆಗೋ, ಕೊಡಲೇ ಇಲ್ಲವೋ? ಮೇಜು ಒರೆಸಿದ ಕ್ಲೀನರಿಗೆ ಪಾಲುಂಟೋ? ‘ಕಳೆದ ವಾರ ಗಿರಾಕಿ ಹೀಗೆ ಫೋನಿನಲ್ಲಿ ಹೆಚ್ಚು ಹಾಕಿದ್ದು ನೆನಪುಂಟಾ? ಆಮೇಲೆ ಏನಾಯಿತು?’ ಎಂದು ಶುರು ಮಾಡಿ. ಅದಕ್ಕೆ ಮೊದಲು ಏನು ನಡೆದಿತ್ತು, ಯಾರು ಯಾರಿದ್ದರು, ನೀವು ಏನು ಮಾಡಿದಿರಿ, ಮರುದಿನ ಯಾರು ಏನೆಂದರು, ಈ ಸರಣಿ ಬಿಡಬೇಡಿ. ‘ಯಾಕೆ ಹಾಗೆ ಮಾಡಿದಿರಿ’ ಎಂದು ಮಾತ್ರ ಕೇಳಬೇಡಿ, ವಿಚಾರಣೆಯ ಹಾಗೆ ಕೇಳಿಸುತ್ತದೆ. ‘ಆಗ ಏನೆಲ್ಲ ಯೋಚನೆ ಬಂತು’ ಎಂದರೆ ಸಾಕು.

ಎಣ್ಣೆಯ ವಿಷಯಕ್ಕೆ ಇದು ಹೊಂದುವುದಿಲ್ಲ, ಏಕೆಂದರೆ ಅದು ಕಾನೂನಿನ ಮಾತು. ಮರುಬಳಕೆಯ ಎಣ್ಣೆಯಲ್ಲಿ ಟೋಟಲ್ ಪೋಲಾರ್ ಕಾಂಪೌಂಡ್ (ಮತ್ತೆ ಮತ್ತೆ ಕಾಯಿಸಿದಾಗ ಎಣ್ಣೆ ಕೆಟ್ಟು ಹುಟ್ಟುವ ಅಂಶ) ಶೇಕಡಾ 25 ಮೀರಬಾರದು ಎಂಬ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಮೀರಿದ್ದನ್ನು ಯಾರೂ ರೆಕಾರ್ಡರಿನ ಮುಂದೆ ಒಪ್ಪಿಕೊಳ್ಳುವುದಿಲ್ಲ. ಇಲ್ಲಿ ಕಲ್ಪಿತ ಸನ್ನಿವೇಶ ಕೊಡಿ: ‘ಒಂದು ಹೋಟೆಲ್. ಸಂಜೆ ಐದೂವರೆ, ಗೋಳಿಬಜೆಗೆ ಜನ ಕಾಯುತ್ತಿದ್ದಾರೆ. ಬಾಣಲೆಯ ಎಣ್ಣೆ ಕಪ್ಪಾಗಿ ನೊರೆ ಬರುತ್ತಿದೆ. ಉಗ್ರಾಣದಲ್ಲಿ ಹೊಸ ಡಬ್ಬವಿದೆ, ಆದರೆ ಅದು ನಾಳೆಯ ಲೆಕ್ಕದ್ದು. ಮಾಲೀಕರು ಊರಲ್ಲಿಲ್ಲ.’ ಇಷ್ಟೇ. ಪಾತ್ರಕ್ಕೆ ಹೆಸರಿಡಬೇಡಿ; ನಮ್ಮೂರಲ್ಲಿ ಹೆಸರು ಕೇಳಿದ ಕೂಡಲೇ ಜಾತಿ-ಸಮುದಾಯ ತಲೆಗೆ ಬರುತ್ತದೆ, ಉತ್ತರ ಅತ್ತ ವಾಲುತ್ತದೆ. ಮೊದಲು ‘ಆ ಸೂಪರ್‌ವೈಸರ್ ಏನು ಮಾಡುತ್ತಾನೆ’ ಎಂದು ಕೇಳಿ, ನಂತರ ‘ಏನು ಮಾಡಬೇಕಿತ್ತು’ ಎಂದು. ಈ ಕ್ರಮ ತಿರುಗಿಸಿದರೆ ಎರಡಕ್ಕೂ ಒಂದೇ ಉತ್ತರ ಬರುತ್ತದೆ. ನಿಮ್ಮ ಪ್ರಬಂಧಕ್ಕೆ ಬೇಕಾದದ್ದು ಆ ಎರಡು ಉತ್ತರಗಳ ನಡುವಿನ ಅಂತರ. ಆಮೇಲೆ ಒಂದೇ ಅಂಶ ಬದಲಿಸಿ ಮತ್ತೆ ಕೇಳಿ: ಮಾಲೀಕರು ಅಲ್ಲೇ ಕೂತಿದ್ದರೆ?

ಒಂದು ಸಂದರ್ಶನಕ್ಕೆ ಎರಡು ನಡೆದ ಘಟನೆ, ಒಂದು ಸನ್ನಿವೇಶ. 45 ನಿಮಿಷ ಮೀರಿದರೆ ದಣಿದವರು ಚುಟುಕಾಗಿ ಮುಗಿಸಲು ನೋಡುತ್ತಾರೆ.

ಬಂದರು_ದಕ್ಕೆ

ಕೊಣಾಜೆಯವರು ಹೇಳಿದ್ದು ಸರಿ. ಆದರೆ ಕ್ಯಾಶ್ ಕೌಂಟರಿನ ಹಿಂದೆ ಕೂತು ಎಷ್ಟು ಒಳ್ಳೆಯ ಪ್ರಶ್ನೆ ಕೇಳಿದರೂ ಪ್ರಯೋಜನವಿಲ್ಲ. ಅದಕ್ಕಿಂತ ಮುಖ್ಯವಾಗಿ, ಅಲ್ಲಿ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ.

ನಮ್ಮ ಹೋಟೆಲುಗಳಲ್ಲಿ ಸಂಬಳ, ಊಟ, ಮಲಗುವ ಕೋಣೆ ಮೂರೂ ಒಬ್ಬರ ಕೈಯಿಂದಲೇ ಬರುವುದು ಸಾಮಾನ್ಯ. ಈಶಾನ್ಯ ರಾಜ್ಯಗಳಿಂದ, ಒಡಿಶಾದಿಂದ, ನೇಪಾಳದಿಂದ ಬಂದ ಹುಡುಗನಿಗೆ ಕೆಲಸ ಹೋದರೆ ಅದೇ ರಾತ್ರಿ ಸೂರೂ ಹೋಗುತ್ತದೆ. ‘ಮೇಡಂ ಜೊತೆ ಮಾತಾಡು’ ಎಂದು ಮಾಲೀಕರು ಕಳಿಸಿದರೆ ಅವನು ಸಹಿ ಹಾಕದೆ ಇರುತ್ತಾನೆಯೇ? ಮಾಲೀಕರ ಅನುಮತಿ ಹೋಟೆಲಿನೊಳಗೆ ಕಾಲಿಡಲು ಮಾತ್ರ. ಕೆಲಸಗಾರರ ಒಪ್ಪಿಗೆಯನ್ನು ಬೇರೆಯಾಗಿಯೇ ಪಡೆಯಬೇಕು, ಮತ್ತು ಯಾರು ಒಪ್ಪಿದರು, ಯಾರು ಬೇಡವೆಂದರು ಎನ್ನುವುದು ಮಾಲೀಕರಿಗೆ ಗೊತ್ತಾಗಬಾರದು. ಅದಕ್ಕೊಂದು ದಾರಿ: ಎಲ್ಲ ಸಿಬ್ಬಂದಿಗೂ ನಿಮ್ಮ ಫೋನ್ ನಂಬರಿರುವ ಚೀಟಿ ಕೊಟ್ಟು ಬನ್ನಿ. ಬೇಕಾದವರು ಅವರಾಗಿ ಮಿಸ್ಡ್ ಕಾಲ್ ಕೊಡಲಿ. ಬರುವವರು ಕಡಿಮೆಯಾಗುತ್ತಾರೆ, ಆದರೆ ಬಂದವರು ಮಾತಾಡುತ್ತಾರೆ.

ಜಾಗ ಹೋಟೆಲೂ ಬೇಡ, ಅವರ ಕೋಣೆಯೂ ಬೇಡ. ಉಡುಪಿಯಲ್ಲಾದರೆ ಭುಜಂಗ ಪಾರ್ಕ್, ಮಂಗಳೂರಲ್ಲಾದರೆ ಕದ್ರಿ ಪಾರ್ಕ್, ಅವರ ವಾರದ ರಜೆಯ ದಿನ. ಮಲ್ಪೆ ಬೀಚ್ ಆರಿಸಬೇಡಿ, ಗಾಳಿಯ ಸದ್ದಿಗೆ ರೆಕಾರ್ಡಿಂಗ್ ಕೆಡುತ್ತದೆ. ಭಾಷೆ ಬಾರದಿದ್ದರೆ ಅನುವಾದಕ್ಕೆ ಅದೇ ಹೋಟೆಲಿನ ಹಿರಿಯನನ್ನಾಗಲಿ, ಕರೆತಂದ ಮೇಸ್ತ್ರಿಯನ್ನಾಗಲಿ ಕೂರಿಸಲೇಬಾರದು.

ಸಹಿ ಹಾಕಿಸಿದ ಕಾಗದವೇ ಗುರುತು ಬಿಟ್ಟುಕೊಡುತ್ತದೆ. ಮೌಖಿಕ ಒಪ್ಪಿಗೆಯನ್ನು ರೆಕಾರ್ಡ್ ಮಾಡಿಕೊಳ್ಳಲು ಅವಕಾಶ ಕೊಡಿ ಎಂದು ಎಥಿಕ್ಸ್ ಕಮಿಟಿಗೆ (ಜನರ ಮೇಲಿನ ಸಂಶೋಧನೆಗೆ ಅನುಮೋದನೆ ಕೊಡುವ ಸಮಿತಿ) ಹಾಕುವ ಅರ್ಜಿಯಲ್ಲೇ ಕಾರಣ ಸಮೇತ ಕೇಳಿ. ಕಮಿಟಿಯ ಅನುಮೋದನೆ ಕೈಗೆ ಬರುವ ಮೊದಲು ತೆಗೆದ ಪೈಲಟ್ ಮಾಹಿತಿಯನ್ನು ಪ್ರಬಂಧಕ್ಕೆ ಬಳಸುವಂತಿಲ್ಲ, ಇದು ಗಮನದಲ್ಲಿರಲಿ. ಒಪ್ಪಿಗೆ ಎರಡು ಸಲ ಬೇಕು. ಸಂದರ್ಶನ ಮುಗಿದ ಮೇಲೆ ‘ಯಾವುದಾದರೂ ಮಾತು ಅಳಿಸಬೇಕೇ’ ಎಂದು ಕೇಳಿ, ಅವರೆದುರೇ ಅಳಿಸಿ.

ಗೌರವಧನ ಕೊಡುವುದಾದರೆ ಎಲ್ಲರಿಗೂ ಒಂದೇ ಮೊತ್ತ, ಬಸ್ಸಿನ ಖರ್ಚು ಮತ್ತು ಹೋದ ಸಮಯಕ್ಕೆ ತಕ್ಕಷ್ಟು. ಫೋನ್‌ಪೇ, ಗೂಗಲ್ ಪೇ ಮಾಡಬೇಡಿ! ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಅವರ ಹೆಸರು ದಿನಾಂಕದ ಸಮೇತ ಕೂತುಬಿಡುತ್ತದೆ. ನಗದು ಕೊಟ್ಟು, ರಸೀದಿಯಲ್ಲಿ ‘ಎಸ್-07’ ಎಂಬಂಥ ಸಂಕೇತ ಮಾತ್ರ ಬರೆಯಿರಿ. ಇದಕ್ಕೆ ನಿಮ್ಮ ಲೆಕ್ಕ ವಿಭಾಗ ಒಪ್ಪುತ್ತದೆಯೇ ಎಂದು ಮೊದಲೇ ವಿಚಾರಿಸಿ. ಹೆಸರಿಲ್ಲದ ರಸೀದಿಯನ್ನು ಕೊನೆಗೆ ತಿರಸ್ಕರಿಸುವುದುಂಟು. ಆಡಿಯೋ ಫೈಲ್ ಫೋನಿನಿಂದ ತಾನಾಗಿ ಗೂಗಲ್ ಡ್ರೈವಿಗೆ ಹೋಗದ ಹಾಗೆ ಬ್ಯಾಕಪ್ ಆಫ್ ಮಾಡಿ. ಸಂಕೇತ ಮತ್ತು ಹೆಸರು ಜೋಡಿಸುವ ಪಟ್ಟಿ ಆಡಿಯೋ ಇರುವ ಕಂಪ್ಯೂಟರಿನಲ್ಲಿ ಇರಬಾರದು.

ಇನ್ನೊಂದು ವಿಷಯ, ಎಲ್ಲಕ್ಕಿಂತ ಗಂಭೀರವಾದದ್ದು. 14 ವರ್ಷದ ಒಳಗಿನ ಹುಡುಗ ಪಾತ್ರೆ ತೊಳೆಯುತ್ತಿದ್ದಾನೆ ಎಂದೋ, ಲೈಂಗಿಕ ಕಿರುಕುಳ ನಡೆದಿದೆ ಎಂದೋ ಸಂದರ್ಶನದ ನಡುವೆ ಗೊತ್ತಾದರೆ ಏನು ಮಾಡುತ್ತೀರಿ? ‘ಎಲ್ಲವನ್ನೂ ಗುಟ್ಟಾಗಿಡುತ್ತೇನೆ’ ಎಂದು ಮಾತು ಕೊಟ್ಟಿದ್ದರೆ ಸಿಕ್ಕಿಹಾಕಿಕೊಳ್ಳುತ್ತೀರಿ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಿಳಿದೂ ವರದಿ ಮಾಡದಿರುವುದು 2012ರ ಪೋಕ್ಸೊ ಕಾಯ್ದೆಯಡಿ ಅಪರಾಧ. ಒಪ್ಪಿಗೆಯ ಮಾತಿನಲ್ಲೇ ಈ ಮಿತಿಯನ್ನು ಸರಳವಾಗಿ ಹೇಳಿಬಿಡಿ. ಮಕ್ಕಳ ಸಹಾಯವಾಣಿ 1098 ನಿಮ್ಮ ಬಳಿ ಇರಲಿ. ವಯಸ್ಕ ಮಹಿಳೆಯ ವಿಷಯವಾದರೆ ದೂರು ಕೊಡುವ ತೀರ್ಮಾನ ಆಕೆಯದು. 10 ಅಥವಾ ಹೆಚ್ಚು ಜನರಿರುವ ಕಡೆ ಆಂತರಿಕ ಸಮಿತಿ ಇರಬೇಕೆಂದು ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಹೇಳುತ್ತದೆ, ಇಲ್ಲದಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಇಷ್ಟನ್ನು ಬರೆದ ಚೀಟಿಯನ್ನು ಕೇಳಿದವರಿಗೆ ಮಾತ್ರವಲ್ಲ, ಎಲ್ಲರಿಗೂ ಕೊಡಿ. ಆಗ ಯಾರ ಕೈಯಲ್ಲಿ ಚೀಟಿ ಕಂಡರೂ ಸಂಶಯ ಬರುವುದಿಲ್ಲ.

ಮಣ್ಣಪಳ್ಳ

ಸಂಖ್ಯೆಯ ಬಗ್ಗೆ. ‘12 ಸಂದರ್ಶನ ಸಾಕು’ ಎಂದು ಎಲ್ಲರೂ ಹೇಳುವುದು 2006ರ ಒಂದು ಅಧ್ಯಯನವನ್ನು ಹಿಡಿದು. ಅದು ಘಾನಾ ಮತ್ತು ನೈಜೀರಿಯಾದ ಮಹಿಳೆಯರ 60 ಸಂದರ್ಶನಗಳ ಮೇಲೆ ನಿಂತದ್ದು. ಹೆಚ್ಚುಕಡಿಮೆ ಒಂದೇ ಬಗೆಯ ಗುಂಪು, ಒಂದೇ ಪ್ರಶ್ನೆಪಟ್ಟಿ. ನಿಮ್ಮಲ್ಲಿ ಮಾಲೀಕ, ಸೂಪರ್‌ವೈಸರ್, ಸಪ್ಲೈಯರ್ ಮೂರು ಗುಂಪು. ವಿಷಯ ಸೂಪರ್‌ವೈಸರ್ ಆದ್ದರಿಂದ ಅವರಲ್ಲಿ 15, ಸಪ್ಲೈಯರ್ ಮತ್ತು ಕ್ಲೀನರ್ ಸೇರಿ 10, ಮಾಲೀಕರು 5 ಎಂದು ಹೊರಡಿ, ಬೇಕಾದಂತೆ ಹೆಚ್ಚಿಸಿ. ಒಂದೇ ಹೋಟೆಲಿನಿಂದ ಮೂವರನ್ನೂ ತೆಗೆದುಕೊಂಡರೆ ಪ್ರಬಂಧ ಓದಿದ ಮಾಲೀಕರಿಗೆ ಯಾರ ಮಾತೆಂದು ಮೊದಲ ಸಾಲಿನಲ್ಲೇ ತಿಳಿಯುತ್ತದೆ. ಬೇರೆ ಬೇರೆ ಹೋಟೆಲಿನಿಂದ ಆರಿಸಿ.

ಒಂದು ಗಂಟೆಯ ಆಡಿಯೋ ಬರಹಕ್ಕಿಳಿಸಲು ನಾಲ್ಕರಿಂದ ಆರು ಗಂಟೆ ಬೇಕು. ತುಳು, ಬ್ಯಾರಿ ಬೆರೆತರೆ ಇನ್ನೂ ಹೆಚ್ಚು. ತುಳುವಿನಲ್ಲಿ ಹೇಳಿದ್ದನ್ನು ಕನ್ನಡ ಲಿಪಿಯಲ್ಲಿ ತುಳುವಾಗಿಯೇ ಬರೆದು ಕೋಡ್ ಮಾಡಿ, ಅಂದರೆ ಪ್ರತಿ ಮಾತಿಗೂ ಅದರ ಅರ್ಥ ಸೂಚಿಸುವ ಚಿಕ್ಕ ಹೆಸರು ಕೊಡಿ. ಪ್ರಬಂಧಕ್ಕೆ ಬೇಕಾದ ಸಾಲುಗಳನ್ನು ಮಾತ್ರ ಕೊನೆಯಲ್ಲಿ ಇಂಗ್ಲಿಷಿಗೆ ತನ್ನಿ. ಕಾಗುಣಿತಕ್ಕೆ ಒಂದು ಪಟ್ಟಿ ಮಾಡಿಕೊಳ್ಳಿ, ಇಲ್ಲದಿದ್ದರೆ ಒಂದೇ ಪದವನ್ನು ಮೂರು ರೀತಿ ಬರೆದು, ಹುಡುಕಿದಾಗ ಒಂದು ಮಾತ್ರ ಸಿಗುತ್ತದೆ. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಸಬೇಡಿ, ಯೂನಿಕೋಡ್ ಇರಲಿ. ಕೋಡ್ ಮಾಡಲು ದುಡ್ಡು ಕೊಟ್ಟು ಎನ್‌ವಿವೋ ತಂತ್ರಾಂಶ ಕೊಳ್ಳುವ ಅಗತ್ಯ ಇಲ್ಲ, ಟಾಗೆಟ್ ಅಥವಾ ಕ್ವಾಲ್‌ಕೋಡರ್ ಉಚಿತ.

ಕೋಡ್ ಕೊಡುವಾಗ ಎಡವುವುದೇ ಹೆಚ್ಚು. ‘ಧಣಿ ಏನೂ ಹೇಳುವುದಿಲ್ಲ, ಆದರೆ ನಾವು ನೋಡಿಕೊಳ್ಳಬೇಕಲ್ಲ’ ಎಂಬಂಥ ಸಾಲು ಬಂತೆಂದುಕೊಳ್ಳಿ. ಅದಕ್ಕೆ ‘ನೈತಿಕತೆ’ ಎಂದು ಕೋಡ್ ಹಾಕಿದರೆ ಏನೂ ಹೇಳಿದಂತಾಗಲಿಲ್ಲ. ‘ಹೇಳದ ಆಜ್ಞೆಯನ್ನು ಊಹಿಸಿ ನಡೆಯುವುದು’ ಎಂದು ಹಾಕಿ. ಕೋಡ್ ಒಂದು ಕ್ರಿಯೆಯಾಗಿರಲಿ. ಹೀಗೆ ಹಾಕಿದರೆ ಟಿಪ್ಸ್ ಘಟನೆಯ ಸಾಲೂ ಎಣ್ಣೆಯ ಸಾಲೂ ಒಂದೇ ಕೋಡಿನಡಿ ಬರುವುದನ್ನು ಕಾಣುತ್ತೀರಿ. ಥೀಮ್, ಅಂದರೆ ಹಲವು ಕೋಡುಗಳನ್ನು ಒಂದುಗೂಡಿಸುವ ಅರ್ಥ, ಹುಟ್ಟುವುದು ಅಲ್ಲಿಂದ. ‘ಟಿಪ್ಸ್’, ‘ಎಣ್ಣೆ’, ‘ಬೈಗುಳ’ ಎಂದು ಪ್ರಶ್ನೆಪಟ್ಟಿಯ ತಲೆಬರಹಗಳನ್ನೇ ಥೀಮ್ ಎಂದು ಕರೆದರೆ ವೈವಾದಲ್ಲಿ ಮೊದಲ ಪೆಟ್ಟು ಅದಕ್ಕೇ.

ಅಜ್ಜರಕಾಡು_ಓದು

ತುಂಬಾ ಧನ್ಯವಾದ. ಇನ್ನು ಎರಡು ಸಂಶಯ. ಇಬ್ಬರಿಂದ ಕೋಡ್ ಮಾಡಿಸಿ ಕಪ್ಪಾ ಮೌಲ್ಯ (ಇಬ್ಬರ ಕೋಡ್ ಎಷ್ಟು ತಾಳೆಯಾಗುತ್ತದೆ ಎನ್ನುವ ಅಂಕಿ) ತೋರಿಸಬೇಕೆಂದು ಗೈಡ್ ಹೇಳುತ್ತಾರೆ. ಹಾಗೇ, ‘ನಮ್ಮ ಹುಡುಗರು ಏನು ಹೇಳಿದರೆಂದು ಒಂದು ರಿಪೋರ್ಟ್ ಕೊಡಿ’ ಎಂದು ಮಾಲೀಕರೊಬ್ಬರು ಕೇಳುತ್ತಿದ್ದಾರೆ. ಏನು ಹೇಳಲಿ?

ಮಣ್ಣಪಳ್ಳ

ಬ್ರೌನ್ ಮತ್ತು ಕ್ಲಾರ್ಕ್ ಅವರ ರಿಫ್ಲೆಕ್ಸಿವ್ ಥೀಮ್ಯಾಟಿಕ್ ವಿಶ್ಲೇಷಣೆ ಬಳಸುವುದಾದರೆ ಕಪ್ಪಾ ಹೊಂದುವುದಿಲ್ಲ. ಅಲ್ಲಿ ಅರ್ಥ ಕಟ್ಟುವುದು ಸಂಶೋಧಕರ ಓದಿನಿಂದ. ಇಬ್ಬರ ಕೋಡ್ ತಾಳೆಯಾಗುವುದು ಗುಣಮಟ್ಟದ ಅಳತೆ ಅಲ್ಲ ಎಂದು ಅವರೇ ಬರೆದಿದ್ದಾರೆ. ಕಪ್ಪಾ ಬೇಕೇ ಬೇಕು ಎಂದರೆ ಮೊದಲೇ ನಿಗದಿಯಾದ ಕೋಡ್‌ಬುಕ್ (ಕೋಡುಗಳ ಪಟ್ಟಿ) ಇರುವ ವಿಧಾನಕ್ಕೆ ಹೋಗಿ. ಎರಡನ್ನೂ ಬೆರೆಸಿದರೆ ಪರೀಕ್ಷಕರು ಹಿಡಿಯುತ್ತಾರೆ. ಗೈಡ್ ಜೊತೆ ಈಗಲೇ ಮಾತಾಡಿ. ಕೋಡಿಂಗ್ ಮುಗಿದ ಮೇಲೆ ಈ ಚರ್ಚೆ ಬಂದರೆ ಕೆಲಸ ಪುನಃ ಮಾಡಬೇಕಾಗುತ್ತದೆ. ಯಾವ ಕೋಡನ್ನು ಯಾವಾಗ, ಏಕೆ ಬದಲಿಸಿದಿರಿ ಎನ್ನುವ ಟಿಪ್ಪಣಿ ಪುಸ್ತಕ ಮೊದಲ ದಿನದಿಂದಲೇ ಇರಲಿ, ಕಪ್ಪಾ ಜಾಗದಲ್ಲಿ ತೋರಿಸಲು ಅದು ಬೇಕು.

ಬಂದರು_ದಕ್ಕೆ

ಮಾಲೀಕರಿಗೆ ಒಂದೇ ಹೋಟೆಲಿನ ರಿಪೋರ್ಟ್ ಯಾವ ಕಾರಣಕ್ಕೂ ಇಲ್ಲ. ಎಲ್ಲ ಹೋಟೆಲುಗಳದ್ದೂ ಸೇರಿಸಿದ ಎರಡು ಪುಟದ ಸಾರಾಂಶ ಪ್ರಬಂಧ ಸಲ್ಲಿಸಿದ ಮೇಲೆ ಕೊಡುತ್ತೇನೆ ಎನ್ನಿ, ಮತ್ತು ಈ ಮಾತು ಅನುಮತಿ ಪತ್ರದಲ್ಲೇ ಬರೆದಿರಲಿ. ‘ಯಾರು ಮಾತಾಡಿದರು, ಏನು ಹೇಳಿದರು ಎಂಬುದನ್ನು ಸಂಸ್ಥೆಗೆ ತಿಳಿಸಲಾಗುವುದಿಲ್ಲ’ ಎಂಬ ಸಾಲಿಗೆ ಅವರ ಸಹಿ ಪಡೆಯಿರಿ. ಅದಕ್ಕೆ ಒಪ್ಪದ ಹೋಟೆಲನ್ನು ಬಿಟ್ಟುಬಿಡಿ, ಅಲ್ಲಿನ ಹುಡುಗರಿಗೆ ಅಪಾಯ ಹೆಚ್ಚು. ಪ್ರಬಂಧದಲ್ಲೂ ‘ರಥಬೀದಿಯ ಪಕ್ಕದ ಹಳೆಯ ಹೋಟೆಲಿನ ಹಿರಿಯ ಸೂಪರ್‌ವೈಸರ್’ ಎಂದು ಬರೆದರೆ ಹೆಸರು ಬರೆದ ಹಾಗೆಯೇ. ‘ದೇವಸ್ಥಾನ ಪರಿಸರದ ಹೋಟೆಲ್’ ಎಂದರೂ ಉಡುಪಿಯಲ್ಲಿ ಗುರುತು ಸಿಗುತ್ತದೆ. ‘ಕರಾವಳಿಯ ಒಂದು ಹೋಟೆಲ್’ ಅಷ್ಟೇ ಸಾಕು.

ಕೊಣಾಜೆ_ಗುಡ್ಡೆ

ಸಮಯದ ಬಗ್ಗೆ ಯಾರೂ ಹೇಳಲಿಲ್ಲ. ಮಧ್ಯಾಹ್ನ ಮೂರೂವರೆಯಿಂದ ಐದು ಹೋಟೆಲ್ ಖಾಲಿ ಇರುತ್ತದೆ ಎಂದು ಆಗ ಹೋಗಬೇಡಿ. ಬೆಳಿಗ್ಗೆ ಐದಕ್ಕೆ ಎದ್ದವರು ಮಲಗುವ ಹೊತ್ತು ಅದು, ನಿದ್ದೆ ಕೆಡಿಸಿ ಪಡೆದ ಸಂದರ್ಶನಕ್ಕೆ ಬೆಲೆಯಿಲ್ಲ. ಏಪ್ರಿಲ್-ಮೇ ರಜೆಯ ಜನಸಂದಣಿ, ಡಿಸೆಂಬರಿನ ಪ್ರವಾಸದ ಬಸ್ಸುಗಳು, ಎರಡು ವರ್ಷಕ್ಕೊಮ್ಮೆ ಜನವರಿಯಲ್ಲಿ ಉಡುಪಿ ಕೃಷ್ಣ ಮಠದ ಪರ್ಯಾಯ ಉತ್ಸವ, ಇವೆಲ್ಲ ಗಮನಿಸಿ ನೋಡಲು ಒಳ್ಳೆಯ ಕಾಲ, ಮಾತಾಡಿಸಲು ಅಲ್ಲ. ಆಗ ಗಿರಾಕಿಯ ಹಾಗೆ ಕೂತು ಕೌಂಟರಿನಲ್ಲಿ ನಡೆಯುವುದನ್ನು ನೋಡಿ, ಅದೇ ರಾತ್ರಿ ಟಿಪ್ಪಣಿ ಬರೆಯಿರಿ. ಹಾಗೆ ನೋಡುವುದಕ್ಕೂ ಕಮಿಟಿಯ ಅನುಮೋದನೆ ಬೇಕು. ಸಂದರ್ಶನಗಳನ್ನು ಜೂನ್‌ನಿಂದ ಆಗಸ್ಟ್‌ವರೆಗೆ, ಮಳೆಗೆ ವ್ಯಾಪಾರ ತಗ್ಗಿದಾಗ ಇಟ್ಟುಕೊಳ್ಳಿ. ಆದರೆ ಆಗ ಪಾರ್ಕಿನಲ್ಲಿ ಕೂರುವಂತಿಲ್ಲ, ಗ್ರಂಥಾಲಯದ ಒಂದು ಕೋಣೆಯನ್ನೋ ಕಾಲೇಜಿನ ಖಾಲಿ ತರಗತಿಯನ್ನೋ ಈಗಲೇ ಕೇಳಿಟ್ಟುಕೊಳ್ಳಿ. ತಗಡಿನ ಮಾಡಿನ ಕೆಳಗೆ ಮಾತ್ರ ಬೇಡ, ಮಳೆಯ ಸದ್ದಿಗೆ ಆಡಿಯೋದಲ್ಲಿ ಮಾತು ಕೇಳಿಸುವುದಿಲ್ಲ.